ಬ್ಯಾಶ್: ವೈಲ್ ಲೂಪ್ ಮೊದಲ ಸರ್ವರ್‌ಗೇ ನಿಲ್ಲುತ್ತೆ, ಅಂಟಿಲ್ ಲೂಪ್ ನಿಲ್ಲೋದೇ ಇಲ್ಲ

ಕಾಡುಮಲ್ಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಉಬುಂಟು 22.04, ಬ್ಯಾಶ್ 5.1. ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ 12 ಸರ್ವರ್‌ಗಳ ಹೆಸರಿದೆ. ಒಂದೊಂದಕ್ಕೂ ಎಸ್‌ಎಸ್‌ಎಚ್ (ದೂರದ ಮಶೀನಿನಲ್ಲಿ ಕಮಾಂಡ್ ಓಡಿಸೋ ಸಾಧನ) ಮೂಲಕ ಹೋಗಿ ವೆಬ್ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು, ಅದು ಮತ್ತೆ ಏಳುವ ತನಕ ಕಾಯಬೇಕು, ಏಳದೇ ಹೋದವು ಎಷ್ಟು ಅಂತ ಕೊನೆಯಲ್ಲಿ ತೋರಿಸಬೇಕು. ಕೀ, ಸುಡೊ ಎರಡೂ ಪಾಸ್‌ವರ್ಡ್ ಕೇಳದ ಹಾಗೆ ಸೆಟ್ ಆಗಿವೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇರುವುದು ಇಂಗ್ಲಿಷ್ ಅಕ್ಷರದಲ್ಲೇ.

    ಫೇಲ್=0
    ಕ್ಯಾಟ್ ಪಟ್ಟಿ | ವೈಲ್ ರೀಡ್ ಹೋಸ್ಟ್; ಡೂ
      ಎಸ್‌ಎಸ್‌ಎಚ್ $ಹೋಸ್ಟ್ ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಎಂಜಿನ್‌ಎಕ್ಸ್ || ((ಫೇಲ್++))
      ಅಂಟಿಲ್ ಕರ್ಲ್ --ಸೈಲೆಂಟ್ ಎಚ್‌ಟಿಟಿಪಿ://$ಹೋಸ್ಟ್/ಹೆಲ್ತ್; ಡೂ ಸ್ಲೀಪ್ 2; ಡನ್
    ಡನ್
    ಎಕೊ "ಏಳದವು: $ಫೇಲ್"

ಮೂರು ತೊಂದರೆ. ಒಂದು, ಮೊದಲ ಸರ್ವರ್ ಮುಗಿದ ಕೂಡಲೇ ಲೂಪ್ ನಿಂತುಬಿಡುತ್ತೆ. ಎರರ್ ಏನೂ ಬರಲ್ಲ, ಉಳಿದ 11 ಹೆಸರು ಎಲ್ಲಿ ಹೋದವೋ ಗೊತ್ತಾಗಲ್ಲ. ಎರಡು, ಸರ್ವರ್ ಫೇಲ್ ಆದರೂ ಕೊನೆಯಲ್ಲಿ ಎಣಿಕೆ 0 ಅಂತಲೇ ಬರುತ್ತೆ. ಮೂರು, ಸರ್ವರ್ ನಿಜಕ್ಕೂ ಬಿದ್ದಿದ್ದರೆ ಒಳಗಿನ ಅಂಟಿಲ್ ಲೂಪ್ ಮುಗಿಯೋದೇ ಇಲ್ಲ. ಅದೇ 502 (ಸರ್ವರ್ ದೋಷದ) ಪೇಜ್ ಕೊಡ್ತಾ ಇರೋ ಸರ್ವರ್ ಇದ್ದರೆ "ಎದ್ದಿದೆ" ಅಂದುಕೊಂಡು ಮುಂದೆ ಹೋಗುತ್ತೆ. ಲೂಪಿನ ಕಂಡಿಶನ್ ಎಲ್ಲಿ ತಪ್ಪಿದೆ?

---

ಪೈಪ್‌ಲೈನ್ ಉತ್ತರ:

ಕಾಡುಮಲ್ಲಿಗೆ ಅವರೇ, ಮೊದಲ ತೊಂದರೆಗೆ ಮಾತ್ರ ನಾನು ಉತ್ತರ ಬರೆಯುತ್ತೇನೆ, ಅದೊಂದೇ ಸಾಕಷ್ಟು ಉದ್ದವಿದೆ.

ಶೆಲ್‌ನಲ್ಲಿ ಲೂಪಿನ ಕಂಡಿಶನ್ ಅನ್ನುವುದು ಸರಿ-ತಪ್ಪಿನ ಲೆಕ್ಕವಲ್ಲ, ಅದೊಂದು ಕಮಾಂಡ್. ವೈಲ್ ಆ ಕಮಾಂಡನ್ನು ಓಡಿಸುತ್ತದೆ, ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) 0 ಬಂದರೆ ಒಳಗೆ ಹೋಗುತ್ತದೆ, ಬೇರೇನೇ ಬಂದರೂ ಲೂಪ್ ಮುಗಿಸುತ್ತದೆ. ಅಂಟಿಲ್ ಇದಕ್ಕೆ ಉಲ್ಟಾ. ಆದ್ದರಿಂದ ಯಾವುದೇ ಲೂಪ್ ಕೆಟ್ಟಾಗ ನೋಡಬೇಕಾದ್ದು ಕಂಡಿಶನ್ ಜಾಗದಲ್ಲಿರುವ ಕಮಾಂಡ್ ಯಾವುದು, ಅದು ಎಲ್ಲಿಂದ ಓದುತ್ತಿದೆ, ಯಾವ ಪ್ರೊಸೆಸ್‌ನಲ್ಲಿ ಓಡುತ್ತಿದೆ ಅನ್ನುವುದನ್ನು.

ನಿಮ್ಮಲ್ಲಿ ಆ ಕಮಾಂಡ್ ರೀಡ್. ಅದು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಒಂದು ಸಾಲು ಓದಿ 0 ಕೊಡುತ್ತದೆ, ಓದಲು ಏನೂ ಉಳಿಯದಿದ್ದರೆ 1. ಆದರೆ ಲೂಪಿನ ಒಳಗಿರುವ ಪ್ರತಿ ಕಮಾಂಡಿಗೂ ಅದೇ ಸ್ಟ್ಯಾಂಡರ್ಡ್ ಇನ್‌ಪುಟ್ ಸಿಗುತ್ತದೆ. ಎಸ್‌ಎಸ್‌ಎಚ್ ತನ್ನ ಇನ್‌ಪುಟ್‌ನಲ್ಲಿ ಇದ್ದದ್ದನ್ನೆಲ್ಲ ಓದಿ ಆ ಕಡೆಯ ಸರ್ವರ್‌ಗೆ ಕಳಿಸುತ್ತದೆ. ಆ ಕಡೆಯ ಸಿಸ್ಟಮ್‌ಸಿಟಿಎಲ್‌ಗೆ ಅದು ಬೇಕೋ ಬೇಡವೋ ಎಂದು ಕಾಯುವುದಿಲ್ಲ. ಹೀಗಾಗಿ ಉಳಿದ 11 ಹೆಸರುಗಳು ಮೊದಲ ಸರ್ವರ್‌ಗೆ ಹೋಗಿ ಅಲ್ಲೇ ಕಳೆದುಹೋದವು. ಎರಡನೇ ಸಲ ರೀಡ್‌ಗೆ ಏನೂ ಸಿಗಲಿಲ್ಲ, 1 ಕೊಟ್ಟಿತು, ಲೂಪ್ ಮುಗಿಯಿತು. ಎರರ್ ಬಾರದಿರಲು ಕಾರಣವೂ ಇದೇ: ವೈಲ್ ಲೂಪಿಗೆ 1 ಅನ್ನುವುದು ದೋಷವಲ್ಲ, ಸಹಜವಾದ ಕೊನೆ.

ಚಿಕ್ಕ ಪರಿಹಾರ, ಎಸ್‌ಎಸ್‌ಎಚ್‌ಗೆ ಸಣ್ಣ ಅಕ್ಷರದ -ಎನ್ ಆಯ್ಕೆ ಕೊಡುವುದು, ಇಲ್ಲವೇ ಆ ಸಾಲಿನ ಕೊನೆಗೆ < /ಡೆವ್/ನಲ್ ಸೇರಿಸುವುದು. ಎರಡರಲ್ಲೂ ಎಸ್‌ಎಸ್‌ಎಚ್‌ಗೆ ಖಾಲಿ ಇನ್‌ಪುಟ್ ಸಿಗುತ್ತದೆ.

ನನಗೆ ಇದಕ್ಕಿಂತ ಗಟ್ಟಿ ಅನ್ನಿಸುವುದು ಪಟ್ಟಿಯನ್ನೇ ಬೇರೆ ಫೈಲ್ ಡಿಸ್ಕ್ರಿಪ್ಟರ್‌ಗೆ (ತೆರೆದ ಫೈಲಿಗೆ ಶೆಲ್ ಇಡುವ ಸಂಖ್ಯೆ) ಕೊಡುವುದು:

    ವೈಲ್ ರೀಡ್ -ಆರ್ ಹೋಸ್ಟ್ <&3 || [[ -ಎನ್ $ಹೋಸ್ಟ್ ]]; ಡೂ
      ...
    ಡನ್ 3< ಪಟ್ಟಿ

0, 1, 2 (ಇನ್‌ಪುಟ್, ಔಟ್‌ಪುಟ್, ಎರರ್) ಮೊದಲೇ ಬಳಕೆಯಲ್ಲಿರುವುದರಿಂದ 3. ಈಗ ಲೂಪಿನ ಒಳಗೆ ನಾಳೆ ಯಾರು ಯಾವ ಕಮಾಂಡ್ ಸೇರಿಸಿದರೂ ಪಟ್ಟಿಗೆ ಕೈಹಾಕುವುದಿಲ್ಲ. ಎಸ್‌ಎಸ್‌ಎಚ್ ಒಂದೇ ಹೀಗೆ ಮಾಡುವುದಲ್ಲ, ಎಫ್‌ಎಫ್‌ಎಂಪೆಗ್ ಕೂಡ ಇದೇ ರೀತಿ ಸಾಲುಗಳನ್ನು ನುಂಗುತ್ತದೆ. ಅದಕ್ಕೆ -ನೋಸ್ಟ್‌ಡಿನ್ ಎಂಬ ಆಯ್ಕೆ ಇದೆ.

ಮೇಲಿನ ಸಾಲಿನ ಉಳಿದ ಎರಡು ತುಂಡುಗಳ ಬಗ್ಗೆ: -ಆರ್ ಇಲ್ಲದಿದ್ದರೆ ರೀಡ್ ಬ್ಯಾಕ್‌ಸ್ಲ್ಯಾಶ್‌ಗಳನ್ನು ತಿಂದುಹಾಕುತ್ತದೆ. || ಆದ ಮೇಲಿನ ಭಾಗ, ಫೈಲಿನ ಕೊನೆಯ ಸಾಲಿಗೆ ಎಂಟರ್ ಇಲ್ಲದಿದ್ದಾಗಿನ ರಕ್ಷಣೆ. ಆಗ ರೀಡ್ ಹೆಸರನ್ನು ವೇರಿಯೇಬಲ್‌ಗೆ ತುಂಬುತ್ತದೆ, ಆದರೆ ಕೋಡ್ ಮಾತ್ರ 1 ಕೊಡುತ್ತದೆ. ಆ ಭಾಗ ಇಲ್ಲದಿದ್ದರೆ 12ನೇ ಸರ್ವರ್ ಸದ್ದಿಲ್ಲದೆ ತಪ್ಪಿಹೋಗುತ್ತದೆ. ರೀಡ್‌ಗೆ ಮುಂಚೆ ಐಎಫ್‌ಎಸ್= ಹಾಕಬೇಕು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಸಾಲಿನ ಹಿಂದುಮುಂದಿನ ಸ್ಪೇಸ್‌ಗಳನ್ನು ಹಾಗೇ ಉಳಿಸಿಕೊಳ್ಳಲು. ಸರ್ವರ್ ಹೆಸರಿಗೆ ಆ ಸ್ಪೇಸ್ ಹೋಗುವುದೇ ಒಳ್ಳೆಯದು, ಹಾಗಾಗಿ ಇಲ್ಲಿ ಬೇಡ.

ಪಟ್ಟಿಯನ್ನು ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿಕೊಂಡಿರುತ್ತದೆ. ಸ್ಕ್ರೀನಿನಲ್ಲಿ ಹೆಸರು ಸರಿಯಾಗಿಯೇ ಕಾಣುತ್ತದೆ, ಎಸ್‌ಎಸ್‌ಎಚ್ ಮಾತ್ರ ಅಂಥ ಹೋಸ್ಟ್ ಇಲ್ಲ ಅನ್ನುತ್ತದೆ. ಕ್ಯಾಟ್‌ಗೆ ದೊಡ್ಡ ಅಕ್ಷರದ -ಎ ಕೊಟ್ಟು ನೋಡಿದರೆ ಸಾಲಿನ ಕೊನೆಯ $ ಗುರುತಿಗೆ ಮುಂಚೆ ^ಎಂ ಕಾಣಿಸುತ್ತದೆ. ಅದನ್ನು ತೆಗೆಯುವ ಡಾಸ್‌ಟುಯೂನಿಕ್ಸ್ ಕಮಾಂಡನ್ನು ಒಮ್ಮೆ ಓಡಿಸಿದರೆ ಸಾಕು.

---

ಸೊನ್ನೆ_ಒಂದು ಉತ್ತರ:

ಎಣಿಕೆ 0 ಬರೋದಕ್ಕೆ ಕಾರಣ ಆ | ಗುರುತು. ಬ್ಯಾಶ್‌ನಲ್ಲಿ ಪೈಪ್ ಹಾಕಿದರೆ ಅದರ ಎರಡೂ ಕಡೆಯವು ಬೇರೆ ಬೇರೆ ಸಬ್‌ಶೆಲ್‌ನಲ್ಲಿ (ಶೆಲ್‌ನ ನಕಲು ಪ್ರೊಸೆಸ್) ಓಡ್ತವೆ. ನಿಮ್ಮ ಇಡೀ ವೈಲ್ ಲೂಪ್ ಪೈಪಿನ ಬಲಗಡೆ ಇದೆ. ಅಲ್ಲಿ ಫೇಲ್ ಹೆಚ್ಚಾಗೋದು ಮೂಲ ವೇರಿಯೇಬಲ್ ಅಲ್ಲ, ಅದರ ನಕಲು. ಡನ್ ಬಂದಾಗ ಸಬ್‌ಶೆಲ್ ಸಾಯುತ್ತೆ, ನಕಲೂ ಹೋಗುತ್ತೆ. ಹೊರಗಿನ ಫೇಲ್ 0 ಆಗಿದ್ದದ್ದು 0 ಆಗಿಯೇ ಇರುತ್ತೆ.

ಪೈಪ್‌ಲೈನ್ ಅವರು ಬರೆದ ಹಾಗೆ ಡನ್ 3< ಪಟ್ಟಿ ಅಂತ ಮಾಡಿದರೆ ಪೈಪೇ ಇರಲ್ಲ, ಲೂಪ್ ಅದೇ ಶೆಲ್‌ನಲ್ಲಿ ಓಡುತ್ತೆ, ಎಣಿಕೆ ಉಳಿಯುತ್ತೆ. ಒಂದು ಫೈಲಿಗೆ ಕ್ಯಾಟ್ ಬೇಕಾಗಿಯೂ ಇರಲಿಲ್ಲ.

ಪಟ್ಟಿ ಫೈಲಿನಿಂದ ಬರದೆ ಇನ್ನೊಂದು ಕಮಾಂಡಿನಿಂದ ಬರೋದಾದರೆ (ಉದಾಹರಣೆಗೆ ಗ್ರೆಪ್‌ನಿಂದ ಸೋಸಿ) ಪ್ರೊಸೆಸ್ ಸಬ್‌ಸ್ಟಿಟ್ಯೂಶನ್ (ಕಮಾಂಡಿನ ಔಟ್‌ಪುಟನ್ನು ಫೈಲಿನ ಹಾಗೆ ಓದಿಸೋದು) ಬಳಸಿ:

    ಡನ್ 3< <(ಗ್ರೆಪ್ -ವಿ '^#' ಪಟ್ಟಿ)

ಎರಡು < ನಡುವೆ ಸ್ಪೇಸ್ ಇರಲೇಬೇಕು, ಎರಡನೇ < ಮತ್ತು ಬ್ರಾಕೆಟ್ ನಡುವೆ ಸ್ಪೇಸ್ ಇರಲೇಬಾರದು. ಇದರಲ್ಲಿ ಒಂದು ಕೊರತೆ ಇದೆ: ಒಳಗಿನ ಗ್ರೆಪ್ ಫೇಲ್ ಆದರೆ ಲೂಪಿಗೆ ಗೊತ್ತಾಗಲ್ಲ, ಖಾಲಿ ಪಟ್ಟಿ ಸಿಕ್ಕಿತು ಅಂದುಕೊಂಡು ಶಾಂತವಾಗಿ ಮುಗಿಯುತ್ತೆ.

ಇನ್ನೊಂದು ದಾರಿ ಶಾಪ್ಟ್ -ಎಸ್ ಲಾಸ್ಟ್‌ಪೈಪ್. ಬ್ಯಾಶ್ 4.2ರಿಂದ ಇದೆ, ಪೈಪಿನ ಕೊನೆಯ ತುಂಡನ್ನು ಸಬ್‌ಶೆಲ್ ಇಲ್ಲದೆ ಓಡಿಸುತ್ತೆ. ಜಾಬ್ ಕಂಟ್ರೋಲ್ (ಕಮಾಂಡುಗಳನ್ನು ಹಿನ್ನೆಲೆಗೆ ಕಳಿಸಿ ಮುಂದಕ್ಕೆ ತರೋ ಸೌಲಭ್ಯ) ಆಫ್ ಇದ್ದರೆ ಮಾತ್ರ ಕೆಲಸ ಮಾಡೋದು. ಅಂದರೆ ಸ್ಕ್ರಿಪ್ಟ್ ಒಳಗೆ ನಡೆಯುತ್ತೆ, ಅದನ್ನೇ ಟರ್ಮಿನಲ್‌ನಲ್ಲಿ ಕೈಯಾರೆ ಟೈಪ್ ಮಾಡಿ ಪರೀಕ್ಷಿಸಿದರೆ ಮತ್ತೆ 0. ಮ್ಯಾಕ್‌ನಲ್ಲಿ ಆಪಲ್ ಕೊಡೋ ಬ್ಯಾಶ್ ಇನ್ನೂ 3.2, ಅದರಲ್ಲಿ ಈ ಆಯ್ಕೆಯೇ ಇಲ್ಲ. ಝಡ್‌ಶೆಲ್‌ನಲ್ಲಿ ಕೊನೆಯ ತುಂಡು ಮೊದಲಿಂದಲೂ ಅದೇ ಶೆಲ್‌ನಲ್ಲೇ ಓಡುತ್ತೆ. ಅದಕ್ಕೇ ಒಂದೇ ಲೂಪ್ ಒಬ್ಬರ ಮಶೀನಿನಲ್ಲಿ ಸರಿ, ಇನ್ನೊಬ್ಬರಲ್ಲಿ ತಪ್ಪು ಲೆಕ್ಕ ಕೊಡುತ್ತೆ. ಲಾಸ್ಟ್‌ಪೈಪ್ ಮೇಲೆ ನಂಬಿಕೆ ಇಡಬೇಡಿ ಅಂತ ನನ್ನ ಸಲಹೆ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ /ಬಿನ್/ಬ್ಯಾಶ್ ಇದೆಯಾ ನೋಡಿಕೊಳ್ಳಿ. ಉಬುಂಟುವಿನಲ್ಲಿ /ಬಿನ್/ಎಸ್‌ಎಚ್ ಅಂದರೆ ಡ್ಯಾಶ್ ಅನ್ನೋ ಬೇರೆ ಶೆಲ್, ಅದಕ್ಕೆ <( ) ಗೊತ್ತಿಲ್ಲ, ಸಿಂಟ್ಯಾಕ್ಸ್ ಎರರ್ ಕೊಡುತ್ತೆ. ಇನ್ನು ಫೈಲಿಗೆ "ಪಟ್ಟಿ" ಅಂತ ಕನ್ನಡದಲ್ಲೇ ಹೆಸರಿಟ್ಟರೂ ಲಿನಕ್ಸ್‌ಗೆ ತೊಂದರೆ ಇಲ್ಲ. ವೇರಿಯೇಬಲ್ ಹೆಸರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟೇ ನಡೆಯೋದು.

---

ಗಡುವು_ಮುಖ್ಯ ಉತ್ತರ:

ಮೂರನೆಯದಕ್ಕೆ ಬರುತ್ತೇನೆ. ನಿಮ್ಮ ಅಂಟಿಲ್ ಲೂಪಿನ ಕಂಡಿಶನ್ ಕರ್ಲ್, ಅಂದರೆ ವೆಬ್ ವಿಳಾಸವನ್ನು ಕೇಳಿ ಉತ್ತರ ತರುವ ಕಮಾಂಡ್. "ಎದ್ದಿದೆಯೇ" ಅನ್ನುವ ಪ್ರಶ್ನೆಗೆ ಕರ್ಲ್ ಕೊಡುವ ಕೋಡ್ ಉತ್ತರವೇ ಅಲ್ಲ. ಸರ್ವರ್ ಏನಾದರೊಂದು ಉತ್ತರ ಕಳಿಸಿದರೆ ಸಾಕು, ಅದು 404 ಇರಲಿ 502 ಇರಲಿ, ಕರ್ಲ್ 0 ಕೊಡುತ್ತದೆ. --ಫೇಲ್ ಸೇರಿಸಿದರೆ 400 ಮತ್ತು ಮೇಲಿನ ಎಲ್ಲದಕ್ಕೂ 22 ಕೊಡುತ್ತದೆ. 301, 302 ರೀಡೈರೆಕ್ಟ್‌ಗಳನ್ನು --ಫೇಲ್ ಕೂಡ ಹಿಡಿಯುವುದಿಲ್ಲ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ತಳ್ಳುವ ಸರ್ವರ್ ಆದರೆ --ಲೊಕೇಶನ್ ಕೂಡ ಬೇಕು, ಇಲ್ಲದಿದ್ದರೆ ಬರೀ ರೀಡೈರೆಕ್ಟ್ ನೋಡಿ ಲೂಪ್ ಮುಗಿಯುತ್ತದೆ.

ಅಂಟಿಲ್ ಮುಗಿಯದಿರಲು ಎರಡು ಬೇರೆ ಬೇರೆ ದಾರಿಗಳಿವೆ, ಇದನ್ನು ಬಿಡಿಸಿ ನೋಡಬೇಕು. ಒಂದು, ಕರ್ಲ್ ಮತ್ತೆ ಮತ್ತೆ ಫೇಲ್ ಆಗಿ ಲೂಪ್ ಸುತ್ತುತ್ತಲೇ ಇರುವುದು. ಇನ್ನೊಂದು, ಕನೆಕ್ಷನ್ ತೆಗೆದುಕೊಂಡು ಉತ್ತರವೇ ಕೊಡದ ಸರ್ವರ್ ಮುಂದೆ ಒಂದೇ ಕರ್ಲ್ ಮಿತಿಯಿಲ್ಲದೆ ಕೂತುಬಿಡುವುದು. ಎರಡನೆಯದರಲ್ಲಿ ಲೂಪ್ ಸುತ್ತುವುದೇ ಇಲ್ಲ, ಹಾಗಾಗಿ ಲೂಪಿನ ಒಳಗೆ ಎಷ್ಟು ಎಣಿಕೆ, ಬ್ರೇಕ್ ಹಾಕಿದರೂ ಉಪಯೋಗವಿಲ್ಲ. ಕರ್ಲ್‌ಗೇ ಮಿತಿ ಹಾಕಬೇಕು: --ಕನೆಕ್ಟ್-ಟೈಮೌಟ್ 2 --ಮ್ಯಾಕ್ಸ್-ಟೈಮ್ 5. ಎಸ್‌ಎಸ್‌ಎಚ್‌ಗೂ ಇದೇ ಮಾತು: -ಓ ಕನೆಕ್ಟ್‌ಟೈಮೌಟ್=5 -ಓ ಬ್ಯಾಚ್‌ಮೋಡ್=ಯೆಸ್ (ಪಾಸ್‌ವರ್ಡ್ ಕೇಳುತ್ತ ಕೂರದಿರಲು).

ಇನ್ನು ಲೂಪಿನ ಮಿತಿ. ಹೆಚ್ಚಿನವರು "30 ಸಲ ಪ್ರಯತ್ನಿಸು, ಪ್ರತಿ ಸಲ 2 ಸೆಕೆಂಡ್ ಬಿಡುವು, ಒಟ್ಟು ಒಂದು ನಿಮಿಷ" ಎಂದು ಲೆಕ್ಕ ಹಾಕುತ್ತಾರೆ. ಪೋರ್ಟ್ ಮುಚ್ಚಿದ್ದರೆ ಕರ್ಲ್ ತಕ್ಷಣ 7 ಕೊಟ್ಟು ಹಿಂದಿರುಗುತ್ತದೆ, ಆಗ 60 ಸೆಕೆಂಡ್ ಸರಿ. ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸುಮ್ಮನೆ ಬಿಸಾಡುತ್ತಿದ್ದರೆ ಪ್ರತಿ ಸುತ್ತಿಗೆ 2+2, ಒಟ್ಟು 120. ಸರ್ವರ್ ಕನೆಕ್ಟ್ ಆಗಿ ಸುಮ್ಮನಿದ್ದರೆ 5+2, ಒಟ್ಟು 210. ಸಮಯದ ಮಿತಿ ಬೇಕಿದ್ದರೆ ಸಮಯವನ್ನೇ ಅಳೆಯಬೇಕು. ಬ್ಯಾಶ್‌ನಲ್ಲಿ ಸೆಕೆಂಡ್ಸ್ ಎಂಬ ವೇರಿಯೇಬಲ್ (ಎಲ್ಲವೂ ದೊಡ್ಡ ಅಕ್ಷರ) ತಾನಾಗಿಯೇ ಏರುತ್ತಿರುತ್ತದೆ:

    ವೇಟ್_ಅಪ್() {
      ಲೋಕಲ್ ಡೆಡ್‌ಲೈನ್=$((ಸೆಕೆಂಡ್ಸ್ + 60)) ಗ್ಯಾಪ್=1 ಆರ್‌ಸಿ
      ಅಂಟಿಲ್ ಕರ್ಲ್ --ಫೇಲ್ --ಲೊಕೇಶನ್ --ಸೈಲೆಂಟ್ --ಔಟ್‌ಪುಟ್ /ಡೆವ್/ನಲ್ \
            --ಕನೆಕ್ಟ್-ಟೈಮೌಟ್ 2 --ಮ್ಯಾಕ್ಸ್-ಟೈಮ್ 5 "ಎಚ್‌ಟಿಟಿಪಿ://$1/ಹೆಲ್ತ್"; ಡೂ
        ಆರ್‌ಸಿ=$?
        (( ಆರ್‌ಸಿ == 6 )) && ರಿಟರ್ನ್ 6
        (( ಸೆಕೆಂಡ್ಸ್ + ಗ್ಯಾಪ್ > ಡೆಡ್‌ಲೈನ್ )) && ರಿಟರ್ನ್ 1
        ಸ್ಲೀಪ್ "$ಗ್ಯಾಪ್"
        (( ಗ್ಯಾಪ್ < 8 )) && ಗ್ಯಾಪ್=$((ಗ್ಯಾಪ್ * 2))
      ಡನ್
      ರಿಟರ್ನ್ 0
    }

ಬಿಡುವು 1, 2, 4, 8 ಎಂದು ಏರಿ 8ಕ್ಕೆ ನಿಲ್ಲುತ್ತದೆ. ಬೇಗ ಏಳುವ ಸರ್ವರ್‌ಗೆ ಸುಮ್ಮನೆ ಕಾಯುವುದಿಲ್ಲ, ನಿಧಾನದ್ದಕ್ಕೆ ಪದೇ ಪದೇ ಬಡಿಯುವುದಿಲ್ಲ. 6 ಅಂದರೆ ಹೆಸರೇ ಸಿಗಲಿಲ್ಲ ಎಂದು. ಪಟ್ಟಿಯಲ್ಲಿ ಅಕ್ಷರ ತಪ್ಪಿರುವುದೇ ಹೆಚ್ಚು, ಅದಕ್ಕೆ ಒಂದು ನಿಮಿಷ ಕಾಯುವುದು ವ್ಯರ್ಥ.

ಆರ್‌ಸಿ=$? ಅನ್ನುವುದು ಲೂಪಿನ ಒಳಗಿನ ಮೊಟ್ಟಮೊದಲ ಸಾಲು ಆಗಿರಬೇಕು, ಅಲ್ಲಿ ಮಾತ್ರ ಕರ್ಲ್‌ನ ನಿಜವಾದ ಕೋಡ್ ಇರುತ್ತದೆ. ಅಂಟಿಲ್ ಬದಲು "ವೈಲ್ ! ಕರ್ಲ್" ಎಂದು ಬರೆದರೆ ಲೂಪ್ ಅಷ್ಟೇ ಸರಿಯಾಗಿ ಸುತ್ತುತ್ತದೆ, ಆದರೆ ! ಗುರುತು ಕೋಡನ್ನು ತಿರುಗಿಸಿಬಿಡುವುದರಿಂದ ಒಳಗೆ $? ಯಾವಾಗಲೂ 0. ಏಕೆ ಫೇಲ್ ಆಯಿತು ಎಂದು ತಿಳಿಯುವ ಅಗತ್ಯವಿರುವಾಗ ಅಂಟಿಲ್‌ಗೆ ಬದಲಿಯಿಲ್ಲ.

ಕೊನೆಯ ರಿಟರ್ನ್ 0 ಅಲಂಕಾರಕ್ಕಲ್ಲ. ಲೂಪಿನ ಎಕ್ಸಿಟ್ ಕೋಡ್ ಅಂದರೆ ಒಳಗೆ ಕೊನೆಗೆ ಓಡಿದ ಕಮಾಂಡಿನ ಕೋಡ್, ಕಂಡಿಶನ್‌ನದ್ದಲ್ಲ. ಗ್ಯಾಪ್ 8 ತಲುಪಿದ ಮೇಲೆ (( ಗ್ಯಾಪ್ < 8 )) 1 ಕೊಡುತ್ತದೆ. ಆ ನಂತರ ಸರ್ವರ್ ಎದ್ದರೆ ಲೂಪ್ ಸರಿಯಾಗಿಯೇ ಮುಗಿಯುತ್ತದೆ, ಫಂಕ್ಷನ್ ಮಾತ್ರ 1 ಹಿಂದಿರುಗಿಸುತ್ತದೆ. ಎದ್ದ ಸರ್ವರ್ "ಏಳದವು" ಲೆಕ್ಕಕ್ಕೆ ಸೇರುತ್ತದೆ, ಅದೂ ನಿಧಾನವಾಗಿ ಎದ್ದವು ಮಾತ್ರ. ಇಂಥ ತಪ್ಪು ಹುಡುಕುವುದು ಬಹಳ ಕಷ್ಟ.

---

ಕಾಡುಮಲ್ಲಿಗೆ:

ಮೂವರಿಗೂ ಧನ್ಯವಾದ ಸರ್. 12 ಸರ್ವರ್‌ಗಳೂ ಈಗ ಸಾಲಾಗಿ ಹೋಗ್ತಿವೆ. ಮುಖ್ಯ ಲೂಪ್ ಹೀಗಿದೆ: ಎಸ್‌ಎಸ್‌ಎಚ್ ಫೇಲ್ ಆದರೆ ((ಫೇಲ್++)) ಮಾಡಿ ಕಂಟಿನ್ಯೂ, ಆಮೇಲೆ ವೇಟ್_ಅಪ್ "$ಹೋಸ್ಟ್" || ((ಫೇಲ್++)).

ಎರಡು ಹೊಸ ಪ್ರಶ್ನೆ. ಸ್ಕ್ರಿಪ್ಟಿನ ಮೇಲೆ ಸೆಟ್ -ಇ (ಕಮಾಂಡ್ ಫೇಲ್ ಆದರೆ ಸ್ಕ್ರಿಪ್ಟ್ ನಿಲ್ಲಿಸೋ ಆಯ್ಕೆ) ಸೇರಿಸಿದೆ, ಈಗ ಮೊದಲ ಸರ್ವರ್ ಫೇಲ್ ಆದ ಕೂಡಲೇ ಇಡೀ ಸ್ಕ್ರಿಪ್ಟ್ ಸದ್ದಿಲ್ಲದೆ ನಿಲ್ಲುತ್ತೆ. ಇನ್ನೊಂದು, ಎಸ್‌ಎಸ್‌ಎಚ್ ಅನ್ನು 5 ಸಲ ಪ್ರಯತ್ನಿಸೋಣ ಅಂತ ವೈಲ್ [ $ಎನ್ < 5 ] ಬರೆದೆ. "5: ಅಂಥ ಫೈಲ್ ಇಲ್ಲ" ಅನ್ನೋ ಎರರ್ ಬರುತ್ತೆ. 5 ಅನ್ನೋ ಫೈಲನ್ನು ನಾನು ಕೇಳೇ ಇಲ್ಲ.

---

ಸೊನ್ನೆ_ಒಂದು:

ಎರಡನೆಯದು ಮೊದಲು. [ ಅನ್ನೋದು ಶೆಲ್‌ನಲ್ಲಿ ಬ್ರಾಕೆಟ್ ಅಲ್ಲ, ಒಂದು ಕಮಾಂಡ್. ಉಳಿದ ಕಮಾಂಡುಗಳ ಹಾಗೆ ಇದರ ಮುಂದೆ < ಬಂದರೆ "ಈ ಫೈಲಿನಿಂದ ಓದು" ಅಂತಲೇ ಅರ್ಥ. ಅದಕ್ಕೇ 5 ಅನ್ನೋ ಫೈಲ್ ಹುಡುಕಿತು. ನಿಮಗೆ < ಬಂದದ್ದು ಒಳ್ಳೆಯದಾಯ್ತು, > ಬರೆದಿದ್ದರೆ ಎರರ್ ಕೂಡ ಬರ್ತಿರಲಿಲ್ಲ: 5 ಅಂತ ಖಾಲಿ ಫೈಲ್ ಸೃಷ್ಟಿಯಾಗಿ, ಕಂಡಿಶನ್ ಯಾವಾಗಲೂ 0 ಕೊಟ್ಟು, ಲೂಪ್ ಕೊನೆಯಿಲ್ಲದೆ ಸುತ್ತುತ್ತಿತ್ತು. ಫೋಲ್ಡರಿನಲ್ಲಿ 5, 10 ಅನ್ನೋ ಹೆಸರಿನ ಖಾಲಿ ಫೈಲ್‌ಗಳು ಕಂಡರೆ ಅಲ್ಲೊಂದು ಇಂಥ ಲೂಪ್ ಇದೆ ಅಂತ ತಿಳೀರಿ.

ಡಬಲ್ ಬ್ರಾಕೆಟ್ [[ $ಎನ್ < 5 ]] ಮಾಡಿದರೆ ಎರರ್ ಹೋಗುತ್ತೆ, ತಪ್ಪು ಉಳಿಯುತ್ತೆ. ಅಲ್ಲಿ < ಹೋಲಿಸೋದು ಪದಗಳನ್ನು, ಸಂಖ್ಯೆಗಳನ್ನಲ್ಲ. ಮಿತಿ 5 ಇರುವಾಗ ಸರಿ ಇದ್ದ ಹಾಗೇ ಕಾಣುತ್ತೆ. ಮಿತಿಯನ್ನು 10 ಮಾಡಿ ನೋಡಿ: 1 ಪಾಸ್, 2 ಬಂದಾಗ "2" ಅನ್ನೋದು "10"ಕ್ಕಿಂತ ನಂತರ ಬರೋ ಪದ, ಲೂಪ್ ಒಂದೇ ಸುತ್ತಿಗೆ ಮುಗಿಯುತ್ತೆ. ಸಂಖ್ಯೆಗೆ (( ಎನ್ < 5 )) ಅಥವಾ [ "$ಎನ್" -ಎಲ್‌ಟಿ 5 ]. (( )) ಒಳಗೆ ಪೂರ್ಣಾಂಕ ಮಾತ್ರ, 0.5 ನಡೆಯಲ್ಲ. ಮತ್ತೆ 08, 09 ಅಂತ ಸೊನ್ನೆ ಮುಂದಿಟ್ಟ ಸಂಖ್ಯೆ ಬಂದರೆ ಅದನ್ನು ಎಂಟರ ಮೂಲದ ಸಂಖ್ಯೆ ಅಂದುಕೊಂಡು ಎರರ್ ಕೊಡುತ್ತೆ. 07ರ ತನಕ ಸರಿಯಾಗಿ ನಡೆದು 08ಕ್ಕೆ ಬೀಳೋ ಲೂಪ್‌ಗಳಿಗೆ ಇದೇ ಕಾರಣ. 10#$ಎನ್ ಅಂತ ಬರೆಯಿರಿ.

ಸೆಟ್ -ಇ ವಿಷಯ: (( )) ಒಳಗಿನ ಲೆಕ್ಕದ ಉತ್ತರ 0 ಬಂದರೆ ಅದು ಕೊಡೋ ಎಕ್ಸಿಟ್ ಕೋಡ್ 1. ಫೇಲ್++ ಮೊದಲು ಹಳೆ ಬೆಲೆಯನ್ನು ಉತ್ತರವಾಗಿ ಕೊಟ್ಟು ಆಮೇಲೆ ಏರಿಸುತ್ತೆ. ಮೊದಲ ಸಲ ಹಳೆ ಬೆಲೆ 0, ಕೋಡ್ 1, ಸೆಟ್ -ಇ ಅಲ್ಲೇ ಸ್ಕ್ರಿಪ್ಟ್ ಮುಗಿಸುತ್ತೆ. || ಎಡಗಡೆ ಇದ್ದದ್ದಕ್ಕೆ ಸೆಟ್ -ಇ ವಿನಾಯಿತಿ ಕೊಡುತ್ತೆ, ಕೊನೆಯ ತುಂಡಿಗೆ ಕೊಡಲ್ಲ. ನಿಮ್ಮ ((ಫೇಲ್++)) ಇರೋದು ಆ ಕೊನೆಯಲ್ಲಿ. ಫೇಲ್=$((ಫೇಲ್ + 1)) ಅಂತ ಬರೆದರೆ ಅದು ವೇರಿಯೇಬಲ್‌ಗೆ ಬೆಲೆ ಕೊಡೋ ಸಾಲು, ಯಾವಾಗಲೂ 0.

---

ಗಡುವು_ಮುಖ್ಯ:

ಸೆಟ್ -ಇ ಬಗ್ಗೆ ಇನ್ನೊಂದು. ವೈಲ್, ಅಂಟಿಲ್, ಇಫ್ ಇವುಗಳ ಕಂಡಿಶನ್ ಜಾಗದಲ್ಲಿ, ಮತ್ತು || ಎಡಗಡೆಯಲ್ಲಿ ಕರೆದ ಫಂಕ್ಷನ್‌ನ ಒಳಗೆಲ್ಲ ಸೆಟ್ -ಇ ಪೂರ್ತಿ ನಿಷ್ಕ್ರಿಯ. ವೇಟ್_ಅಪ್ ಒಳಗೆ ಏನು ಫೇಲ್ ಆದರೂ ಅದು ನಿಲ್ಲಿಸುವುದಿಲ್ಲ. ಆದ್ದರಿಂದ ಅಲ್ಲಿ ರಿಟರ್ನ್‌ಗಳನ್ನು ನೀವೇ ಸರಿಯಾಗಿ ಇಡಬೇಕು.

5 ಸಲದ ಲೂಪಿನಲ್ಲಿ ಎನ್ ಏರಿಸುವ ಸಾಲನ್ನು ಡೂ ಆದ ತಕ್ಷಣ ಇಡಿ, ಕೊನೆಯಲ್ಲಿ ಬೇಡ. ಕೊನೆಯಲ್ಲಿದ್ದರೆ ನಡುವೆ ಒಂದು ಕಂಟಿನ್ಯೂ ಬಂದಾಗ ಏರಿಕೆ ತಪ್ಪಿ ಲೂಪ್ ಕೊನೆಯಿಲ್ಲದ್ದಾಗುತ್ತದೆ. ಇದು ಹೊರಗಿನ ಲೂಪಿನ ಒಳಗಿನ ಲೂಪ್ ಆದ್ದರಿಂದ, ಮುಂದಿನ ಸರ್ವರ್‌ಗೆ ಹೋಗಲು ಕಂಟಿನ್ಯೂ 2 ಬೇಕು, ಬರೀ ಕಂಟಿನ್ಯೂ ಒಳಗಿನದನ್ನೇ ಮತ್ತೆ ಸುತ್ತಿಸುತ್ತದೆ.

ಎಸ್‌ಎಸ್‌ಎಚ್ ಕನೆಕ್ಟ್ ಆಗದಿದ್ದರೆ 255 ಕೊಡುತ್ತದೆ, ಕನೆಕ್ಟ್ ಆದರೆ ಆ ಕಡೆಯ ಕಮಾಂಡಿನ ಕೋಡನ್ನೇ ಕೊಡುತ್ತದೆ. ಮತ್ತೆ ಪ್ರಯತ್ನಿಸಬೇಕಾದ್ದು 255ಕ್ಕೆ ಮಾತ್ರ. ಕಾನ್ಫಿಗ್ ಫೈಲ್ ಕೆಟ್ಟು ರೀಸ್ಟಾರ್ಟ್ ಬಿದ್ದಿದ್ದರೆ 5 ಸಲ ಅದನ್ನೇ ಮಾಡಿಸಿ ಪ್ರಯೋಜನವಿಲ್ಲ.

---

ಪೈಪ್‌ಲೈನ್:

12 ಸರ್ವರ್‌ಗಳ ಮೇಲೆ ಬಿಡುವ ಮುಂಚೆ ಕಾಯುವ ಲೂಪನ್ನು ಸರ್ವರ್ ಮುಟ್ಟದೆ ಪರೀಕ್ಷಿಸಿ. ವೇಟ್_ಅಪ್ ಒಳಗಿನ ಕರ್ಲ್ ಸಾಲಿನ ಬದಲು ಫಾಲ್ಸ್ ಎಂಬ ಕಮಾಂಡ್ ಇಟ್ಟು, ಡೆಡ್‌ಲೈನನ್ನು 10 ಸೆಕೆಂಡಿಗೆ ಇಳಿಸಿ ಓಡಿಸಿ. ಸ್ಲೀಪ್ 1, 2, 4 ಆದ ಮೇಲೆ 7ನೇ ಸೆಕೆಂಡಿನ ಸುಮಾರಿಗೆ 1 ಕೊಟ್ಟು ನಿಲ್ಲಬೇಕು, ಏಕೆಂದರೆ 7+8 ಗಡುವು ದಾಟುತ್ತದೆ. ಆಮೇಲೆ ಟ್ರೂ ಇಟ್ಟು ನೋಡಿ, ಒಳಗೆ ಹೋಗದೆ ತಕ್ಷಣ 0 ಬರಬೇಕು. ಬ್ಯಾಶ್ -ಎಕ್ಸ್ ಎಂದು ಓಡಿಸಿದರೆ ಪ್ರತಿ ಸುತ್ತಿನಲ್ಲೂ ವೇರಿಯೇಬಲ್‌ಗಳ ಬೆಲೆ ತುಂಬಿದ ಸಾಲು ಕಾಣುತ್ತದೆ.

ಶೆಲ್‌ಚೆಕ್ (ಸ್ಕ್ರಿಪ್ಟ್ ಓದಿ ತಪ್ಪು ತೋರಿಸುವ ಸಾಧನ) ಕೂಡ ಒಮ್ಮೆ ಓಡಿಸಿ. ಇಂಥ ಲೂಪ್‌ಗಳಲ್ಲಿ ಎಸ್‌ಎಸ್‌ಎಚ್ ಸಾಲು ನುಂಗುವುದಕ್ಕೆ ಎಸ್‌ಸಿ2095, ಸಬ್‌ಶೆಲ್‌ನಲ್ಲಿ ಕಳೆದುಹೋದ ಎಣಿಕೆಗೆ 2030 ಮತ್ತು 2031, -ಆರ್ ಇಲ್ಲದ ರೀಡ್‌ಗೆ 2162 ಎಂದು ಎಚ್ಚರಿಸುತ್ತದೆ. --ಫೇಲ್ ಬಿಟ್ಟುಹೋದದ್ದು, ಗಡುವು ಇಲ್ಲದಿರುವುದು ಅದಕ್ಕೆ ಕಾಣುವುದಿಲ್ಲ. ಅವನ್ನು ಫಾಲ್ಸ್ ಇಟ್ಟು, ಒಂದು 502 ಕೊಡುವ ಸರ್ವರ್ ಇಟ್ಟು ಕೈಯಾರೆ ನೋಡಬೇಕು.